ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕೃತವಾದರೆ ರೋಗಿಯ ಮನೆಯವರು ಏನು ಮಾಡಬೇಕು? ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದವರ ಚರ್ಚೆ

ನೇಕಾರರ ಮಗ, ಬೆಟಗೇರಿ (ಗದಗ)

ಎಲ್ಲ ಸದಸ್ಯರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಅರವತ್ತೆರಡು ವರ್ಷ. ಬೆಟಗೇರಿಯಲ್ಲಿ ನಮ್ಮದು ಕೆಲವೇ ಮಗ್ಗಗಳ ಸಣ್ಣ ಘಟಕ. ದೀಪಾವಳಿ ಕಳೆದ ಮೇಲೆ ಅವರಿಗೆ ಎದೆನೋವು ಬಂದು ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದಾಗ, ಹೃದಯದ ರಕ್ತನಾಳದಲ್ಲಿ ತಡೆ ಇದೆಯೆಂದು ತಿಳಿದು ಅದೇ ರಾತ್ರಿ ಸ್ಟೆಂಟ್ ಹಾಕಿದರು. ಐದು ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇದೆ. ತೆಗೆದುಕೊಂಡು ನಾಲ್ಕು ವರ್ಷವಾಗಿದ್ದು, ಒಮ್ಮೆಯೂ ನವೀಕರಣ ತಪ್ಪಿಸಿಲ್ಲ. ಆದರೂ ಹೆಚ್ಚಿನ ಪರಿಶೀಲನೆ ಬೇಕೆಂದು ಹೇಳಿ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಸೌಲಭ್ಯ) ಕೊಡಲಿಲ್ಲ. ಸೊಸೈಟಿಯಲ್ಲಿ ಸಾಲ ಮಾಡಿ, ಅವ್ವನ ಬಂಗಾರ ಅಡವಿಟ್ಟು ಬಿಲ್ ಕಟ್ಟಿ ತಂದೆಯವರನ್ನು ಮನೆಗೆ ಕರೆತಂದೆವು.

ಆಮೇಲೆ ಮರುಪಾವತಿಗೆ ಅರ್ಜಿ ಹಾಕಿದೆವು. ಈಗ ಬಂದಿರುವ ಪತ್ರದ ತಿರುಳು ಇಷ್ಟು: ಡಿಸ್ಚಾರ್ಜ್ ಸಾರಾಂಶದಲ್ಲಿ ರೋಗಿಗೆ ಹತ್ತು ವರ್ಷಗಳಿಂದ ರಕ್ತದೊತ್ತಡವಿದೆ ಎಂದು ಬರೆದಿದೆ, ಪಾಲಿಸಿಯ ಅರ್ಜಿಯಲ್ಲಿ ಅದನ್ನು ತಿಳಿಸಿಲ್ಲ, ಆದ್ದರಿಂದ ಕ್ಲೇಮ್ ತಿರಸ್ಕರಿಸಲಾಗಿದೆ. ತಂದೆಯವರು ಬಿಪಿ ಗುಳಿಗೆ ಶುರು ಮಾಡಿದ್ದು ಹೋದ ವರ್ಷ, ನಮ್ಮ ಓಣಿಯ ಡಾಕ್ಟರ್ ಬರೆದುಕೊಟ್ಟ ಮೇಲೆ. ಹತ್ತು ವರ್ಷ ಎಂಬುದು ಎಲ್ಲಿಂದ ಬಂತು ಎಂಬುದು ನಮಗೆ ತಿಳಿಯದು. ಕಂಪನಿಯ ಹೆಸರನ್ನಾಗಲೀ ಆಸ್ಪತ್ರೆಯ ಹೆಸರನ್ನಾಗಲೀ ಇಲ್ಲಿ ಬರೆಯುವ ಇಚ್ಛೆ ನನಗಿಲ್ಲ. ಮುಂದೆ ಯಾವ ದಾರಿ ಹಿಡಿಯಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿರಿ.

ನಿವೃತ್ತ ವಿಮಾ ಅಧಿಕಾರಿ, ಧಾರವಾಡ

ತಂದೆಯವರು ಗುಣವಾಗಿ ಮನೆಗೆ ಬಂದಿರುವುದು ಮುಖ್ಯ. ಉಳಿದದ್ದಕ್ಕೆ ದಾರಿ ಇದೆ, ಧೈರ್ಯಗೆಡಬೇಡಿ. ನಾನು ಕ್ಲೇಮ್ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವನು. ತಿರಸ್ಕಾರದ ಪತ್ರ ಕೈಗೆ ಬಂದ ದಿನವೇ ಬಹಳಷ್ಟು ಮನೆಯವರು ಕೈಚೆಲ್ಲುತ್ತಾರೆ, ಅಥವಾ ಕಂಪನಿಯ ಮೇಲೆ ಸಿಟ್ಟಿನಿಂದ ನಾಲ್ಕು ಪುಟದ ದೂರು ಬರೆಯುತ್ತಾರೆ. ಇವೆರಡರಿಂದಲೂ ಉಪಯೋಗವಿಲ್ಲ. ಆ ಪತ್ರದಲ್ಲಿ ಕಾರಣವೆಂದು ಕೊಟ್ಟಿರುವ ಒಂದು ವಾಕ್ಯವಿದೆಯಲ್ಲ, ಆ ವಾಕ್ಯಕ್ಕೆ ಮಾತ್ರ ದಾಖಲೆಯ ಸಮೇತ ಉತ್ತರ ಕೊಡಬೇಕು.

ಕ್ಯಾಶ್‌ಲೆಸ್ ನಿರಾಕರಣೆ ಬೇರೆ, ಕ್ಲೇಮ್ ತಿರಸ್ಕಾರ ಬೇರೆ. ಕ್ಯಾಶ್‌ಲೆಸ್ ಕೊಡದಿದ್ದರೂ ಮರುಪಾವತಿ ಕೇಳುವ ಹಕ್ಕು ಪೂರ್ತಿಯಾಗಿ ಉಳಿದಿರುತ್ತದೆ, ನೀವು ಅದನ್ನು ಸರಿಯಾಗಿಯೇ ಬಳಸಿದ್ದೀರಿ. ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಆರೋಗ್ಯ ವಿಮೆಯ ಮಾಸ್ಟರ್ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಹೊತ್ತಿನ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು. ಮೂರು ಗಂಟೆ ಮೀರಿ ಆಸ್ಪತ್ರೆಯು ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು.

ಅದೇ ಸುತ್ತೋಲೆಯಲ್ಲಿ ನಿಮಗೆ ಇನ್ನೂ ಹೆಚ್ಚು ಬೇಕಾದ ಮಾತಿದೆ. ಕಂಪನಿಯೊಳಗಿನ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಪೂರ್ತಿ ತಿರಸ್ಕರಿಸಲಿ, ಅರ್ಧ ಕಡಿತ ಮಾಡಲಿ, ಪಾಲಿಸಿಯ ಯಾವ ಷರತ್ತಿನ ಆಧಾರದ ಮೇಲೆ ಎಂಬುದನ್ನು ಬರಹದಲ್ಲಿ ತಿಳಿಸಬೇಕು. ಟಿಪಿಎ (ಕಂಪನಿಯ ಪರವಾಗಿ ಕ್ಲೇಮ್ ಕೆಲಸ ನೋಡಿಕೊಳ್ಳುವ ಮಧ್ಯವರ್ತಿ ಸಂಸ್ಥೆ) ಕಾಗದಪತ್ರ ನೋಡಬಹುದು, ಶಿಫಾರಸು ಮಾಡಬಹುದು, ಆದರೆ ತಿರಸ್ಕಾರದ ನಿರ್ಧಾರ ವಿಮಾ ಕಂಪನಿಯದೇ ಆಗಿರಬೇಕು. ನಿಮಗೆ ಬಂದ ಪತ್ರದ ಮೇಲ್ಭಾಗದಲ್ಲಿ ಯಾರ ಹೆಸರಿದೆ, ಷರತ್ತಿನ ಸಂಖ್ಯೆ ಇದೆಯೇ ಎಂಬುದನ್ನು ನೋಡಿರಿ. ಇಲ್ಲವಾದರೆ ಷರತ್ತಿನ ಸಂಖ್ಯೆ ಮತ್ತು ಸಮಿತಿಯ ಒಪ್ಪಿಗೆಯ ವಿವರವನ್ನು ಇಮೇಲ್ ಮೂಲಕ ಕೇಳಿರಿ. ಫೋನಿನಲ್ಲಿ ಕೇಳಿದ ಮಾತಿಗೆ ಮುಂದೆ ಸಾಕ್ಷಿ ಇರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮುಚ್ಚಿಟ್ಟಿದ್ದಾರೆ ಎಂದು ಆರೋಪಿಸುವವರು ಅದನ್ನು ರುಜುವಾತು ಮಾಡಬೇಕು. ಕಾಯಿಲೆ ಪಾಲಿಸಿಗೆ ಮೊದಲೇ ಇತ್ತು, ಅದು ಪಾಲಿಸಿದಾರರಿಗೆ ಗೊತ್ತಿತ್ತು, ಅರ್ಜಿಯಲ್ಲಿ ಕೇಳಿದ್ದರೂ ಹೇಳಲಿಲ್ಲ ಎಂಬುದನ್ನು ಕಂಪನಿಯೇ ತೋರಿಸಬೇಕು. ಹಳೆಯ ಔಷಧ ಚೀಟಿ, ಹಳೆಯ ತಪಾಸಣಾ ವರದಿ, ಹಳೆಯ ಆಸ್ಪತ್ರೆಯ ದಾಖಲೆ ಇಂಥ ಯಾವುದೂ ಇಲ್ಲದೆ ಡಿಸ್ಚಾರ್ಜ್ ಸಾರಾಂಶದ ಒಂದು ಸಾಲನ್ನು ಮಾತ್ರ ಹಿಡಿದುಕೊಂಡಿದ್ದರೆ ಅವರ ಆಧಾರ ಬಹಳ ತೆಳುವಾಗಿದೆ. ಪಾಲಿಸಿ ಶುರುವಾದ ಮೇಲೆ ಬಂದ ಬಿಪಿಯನ್ನು ಪಾಲಿಸಿ ತೆಗೆದುಕೊಳ್ಳುವಾಗಲೇ ತಿಳಿಸಿರಲು ಯಾರಿಗೂ ಸಾಧ್ಯವಿಲ್ಲ.

ಕಾಯುವ ಅವಧಿಯ (ಅಂದರೆ ಪಾಲಿಸಿ ಶುರುವಾದ ಮೇಲೆ ಮೊದಲೇ ಇದ್ದ ಕಾಯಿಲೆಗೆ ರಕ್ಷಣೆ ಸಿಗದ ಕಾಲದ) ಬಗ್ಗೆಯೂ ಗೊಂದಲ ಬೇಡ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ, ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳ ಕಾಯುವ ಅವಧಿ ಮಾತ್ರ ಹಾಕಬಹುದು, ಹಿಂದೆ ಅದು 48 ತಿಂಗಳಿತ್ತು. 60 ತಿಂಗಳು ನಿರಂತರವಾಗಿ ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದ ಪ್ರಕರಣ ಬಿಟ್ಟರೆ, ಮುಚ್ಚಿಟ್ಟ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ನಿಮ್ಮದು ನಾಲ್ಕು ವರ್ಷದ ಪಾಲಿಸಿಯಾದ್ದರಿಂದ ಈ ಎರಡನೆಯ ರಕ್ಷಣೆ ನಿಮಗಿನ್ನೂ ದೊರೆತಿಲ್ಲ. ಆದ್ದರಿಂದ ದಾಖಲೆಯ ಮೇಲೆಯೇ ಹೋರಾಡಬೇಕು.

ಎರಡು ದಾಖಲೆಗಳನ್ನು ತಕ್ಷಣ ತರಿಸಿಕೊಳ್ಳಿರಿ. ಒಂದು, ಪಾಲಿಸಿ ತೆಗೆದುಕೊಂಡಾಗ ತುಂಬಿದ ಪ್ರಸ್ತಾವನಾ ಅರ್ಜಿಯ ನಕಲು. ಇನ್ನೊಂದು, ಆಸ್ಪತ್ರೆಯ ಪೂರ್ತಿ ಕೇಸ್ ಶೀಟ್. ಡಿಸ್ಚಾರ್ಜ್ ಸಾರಾಂಶ ಸಾಲದು, ಕೇಸ್ ಶೀಟೇ ಬೇಕು. ಮತ್ತೊಂದು ಮಾತು: ವಿವಾದ ನಡೆಯುತ್ತಿದೆಯೆಂದು ಬೇಸರಿಸಿ ಪ್ರೀಮಿಯಂ ಕಟ್ಟುವುದನ್ನು ನಿಲ್ಲಿಸಬೇಡಿರಿ. ವಾರ್ಷಿಕ ಪಾಲಿಸಿಗೆ ನವೀಕರಣದ ದಿನಾಂಕದ ನಂತರ 30 ದಿನಗಳ ರಿಯಾಯಿತಿ ಅವಧಿ ಇರುತ್ತದೆ. ಅದನ್ನೂ ಮೀರಿದರೆ ನಾಲ್ಕು ವರ್ಷ ಗಳಿಸಿದ್ದೆಲ್ಲ ಹೋಗುತ್ತದೆ, ಹೃದಯದ ತೊಂದರೆ ಬಂದವರಿಗೆ ಹೊಸ ಪಾಲಿಸಿ ಸುಲಭವಾಗಿ ಸಿಗುವುದೂ ಇಲ್ಲ.

ವೈದ್ಯೆ, ಹುಬ್ಬಳ್ಳಿ

ಆ "ಹತ್ತು ವರ್ಷ" ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಹೇಳಬಲ್ಲೆ, ಏಕೆಂದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ ಇಂಥ ಟಿಪ್ಪಣಿಗಳನ್ನು ದಿನವೂ ನೋಡುತ್ತೇನೆ. ಎದೆನೋವಿನ ರೋಗಿ ಬಂದಾಗ ಕರ್ತವ್ಯದಲ್ಲಿರುವ ಕಿರಿಯ ವೈದ್ಯರ ಗಮನವೆಲ್ಲ ಇಸಿಜಿಯ ಮೇಲಿರುತ್ತದೆ. ಬಿಪಿ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಎಷ್ಟು ದಿನದಿಂದ ಎಂದು ಕೇಳುವುದು ರೋಗಿಯನ್ನಲ್ಲ, ಪಕ್ಕದಲ್ಲಿ ಗಾಬರಿಯಿಂದ ನಿಂತ ಅಳಿಯನನ್ನೋ ನೆರೆಯವರನ್ನೋ. ಅವರು "ಬಿಪಿ ಭಾಳ ದಿನದಿಂದ ಐತ್ರೀ" ಎನ್ನುತ್ತಾರೆ. ಹಾಳೆಯ ಮೇಲೆ ಅದು ಒಂದು ಸಂಖ್ಯೆಯಾಗಿ ಇಳಿಯುತ್ತದೆ. ಮುಂದೆ ವಾರ್ಡಿನ ಟಿಪ್ಪಣಿ, ಆಮೇಲೆ ಡಿಸ್ಚಾರ್ಜ್ ಸಾರಾಂಶ, ಹೀಗೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡುತ್ತ ಹೋಗುತ್ತಾರೆ. ಚಿಕಿತ್ಸೆಯ ದೃಷ್ಟಿಯಿಂದ ಆ ಕ್ಷಣದಲ್ಲಿ ಒಂದು ವರ್ಷಕ್ಕೂ ಹತ್ತು ವರ್ಷಕ್ಕೂ ದೊಡ್ಡ ವ್ಯತ್ಯಾಸವಿರುವುದಿಲ್ಲವಾದ್ದರಿಂದ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ವಿಮೆಯ ದೃಷ್ಟಿಯಿಂದ ಮಾತ್ರ ಆ ಒಂದು ಅಂಕಿಯ ಬೆಲೆ ಲಕ್ಷಗಟ್ಟಲೆ.

ಆದ್ದರಿಂದ ಕೇಸ್ ಶೀಟಿನಲ್ಲಿ ತುರ್ತು ವಿಭಾಗದ ಮೊದಲ ಟಿಪ್ಪಣಿ, ದಾಖಲಾತಿಯ ಹಾಳೆ, ಶುಶ್ರೂಷಕಿಯರು ತುಂಬಿದ ಪ್ರಾರಂಭಿಕ ಮಾಹಿತಿ, ಹೃದಯ ತಜ್ಞರ ಟಿಪ್ಪಣಿ ಇವನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ಓದಿರಿ. ಒಂದು ಕಡೆ ಹತ್ತು ವರ್ಷ, ಇನ್ನೊಂದು ಕಡೆ ಅವಧಿಯೇ ಇಲ್ಲ, ಮತ್ತೊಂದು ಕಡೆ ಬೇರೆ ಅಂಕಿ ಇರುವುದು ಅಪರೂಪವಲ್ಲ. ದಾಖಲೆಗಳನ್ನು ಕೇಳುವುದು ನಿಮ್ಮ ಹಕ್ಕು. ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಅರ್ಜಿಯನ್ನು ವೈದ್ಯಕೀಯ ದಾಖಲೆ ವಿಭಾಗಕ್ಕೆ ಬರಹದಲ್ಲಿ ಕೊಟ್ಟು ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿರಿ.

ಒಂದು ಎಚ್ಚರಿಕೆ. ಹಳೆಯ ದಾಖಲೆಯನ್ನು ತಿದ್ದಿಕೊಡಿರೆಂದು ಯಾವ ವೈದ್ಯರನ್ನೂ ಕೇಳಬೇಡಿರಿ. ಅದು ತಪ್ಪು, ಮತ್ತು ತಿದ್ದಿದ ಗುರುತು ಕಂಡರೆ ನಿಮ್ಮ ನಿಜವಾದ ವಾದವೂ ಬಿದ್ದುಹೋಗುತ್ತದೆ. ಚಿಕಿತ್ಸೆ ನೀಡಿದ ಹೃದಯ ತಜ್ಞರನ್ನು ಭೇಟಿಯಾಗಿ, ಓಣಿಯ ಡಾಕ್ಟರ್ ಮೊದಲು ಬರೆದ ಔಷಧ ಚೀಟಿ ತೋರಿಸಿ, ರಕ್ತದೊತ್ತಡದ ಅವಧಿಯ ಮಾಹಿತಿ ಯಾರಿಂದ ಬಂತು, ಅದಕ್ಕೆ ದಾಖಲೆಯ ಆಧಾರವಿತ್ತೇ ಎಂಬುದರ ಬಗ್ಗೆ ಪ್ರತ್ಯೇಕವಾದ ಸ್ಪಷ್ಟೀಕರಣ ಪತ್ರವನ್ನು ದಿನಾಂಕ, ಸಹಿ ಮತ್ತು ನೋಂದಣಿ ಸಂಖ್ಯೆಯ ಸಮೇತ ಕೇಳಿರಿ. ಓಣಿಯ ಡಾಕ್ಟರಿಂದಲೂ, ಮೊದಲ ಬಾರಿಗೆ ರಕ್ತದೊತ್ತಡ ಕಂಡದ್ದು ಯಾವಾಗ ಎಂಬ ಪತ್ರ ಪಡೆಯಿರಿ. ನಮ್ಮ ಊರುಗಳಲ್ಲಿ ಇಂಥ ವೈದ್ಯರು ಸಣ್ಣ ಚೀಟಿಯ ಮೇಲೆ ಬರೆದುಕೊಡುವುದರಿಂದ ಅದನ್ನು ಜೋಪಾನವಾಗಿಡುವವರು ಕಡಿಮೆ. ಸಿಕ್ಕರೆ ಅದು ನಿಮ್ಮ ಅತ್ಯಂತ ಬಲವಾದ ಸಾಕ್ಷಿ.

ಪೋಷಕಿ, ರಾಣೇಬೆನ್ನೂರು

ನನ್ನದೂ ಒಂದು ಪ್ರಶ್ನೆ ಇದೆ. ನನ್ನ ಮಗಳಿಗೆ ಮಳೆಗಾಲದಲ್ಲಿ ಡೆಂಗಿ ಬಂದು ಇಲ್ಲಿಯ ನರ್ಸಿಂಗ್ ಹೋಮಿನಲ್ಲಿ ಸೇರಿಸಿದ್ದೆವು. ಹೊರರೋಗಿಯಾಗಿಯೇ ಚಿಕಿತ್ಸೆ ಕೊಡಬಹುದಿತ್ತು, ತಪಾಸಣೆಗಾಗಿ ಮಾತ್ರ ಸೇರಿಸಲಾಗಿದೆ ಎಂದು ಕ್ಲೇಮ್ ತಿರಸ್ಕರಿಸಿದ್ದಾರೆ. ಜೊತೆಗೆ, ನರ್ಸಿಂಗ್ ಹೋಮ್ ಚಿಕ್ಕದು, ಅದು ಆಸ್ಪತ್ರೆಯ ವ್ಯಾಖ್ಯೆಗೆ ಒಳಪಡುವುದಿಲ್ಲ ಎಂದು ಟಿಪಿಎ ಸಿಬ್ಬಂದಿ ಫೋನಿನಲ್ಲಿ ಹೇಳಿದರು. ಮಗುವಿಗೆ ವಾಂತಿ ನಿಲ್ಲದೆ, ಹೊಟ್ಟೆನೋವಿನಿಂದ ಅಳುತ್ತಿದ್ದಾಗ ಮನೆಯಲ್ಲಿ ಇಟ್ಟುಕೊಳ್ಳಬೇಕಿತ್ತೇ?

ವೈದ್ಯೆ, ಹುಬ್ಬಳ್ಳಿ

ಖಂಡಿತ ಇಟ್ಟುಕೊಳ್ಳಬಾರದಿತ್ತು, ನೀವು ಸರಿಯಾದುದನ್ನೇ ಮಾಡಿದಿರಿ. ಡೆಂಗಿಯಲ್ಲಿ ನಿಲ್ಲದ ವಾಂತಿ, ತೀವ್ರ ಹೊಟ್ಟೆನೋವು, ಒಸಡಿನಿಂದಲೋ ಮೂಗಿನಿಂದಲೋ ರಕ್ತ, ಮಂಪರು, ಪ್ಲೇಟ್‌ಲೆಟ್ ಬೇಗನೆ ಇಳಿಯುತ್ತ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ) ಏರುವುದು ಇವೆಲ್ಲ ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ಎಚ್ಚರಿಕೆಯ ಲಕ್ಷಣಗಳು. ಇವುಗಳಲ್ಲಿ ಯಾವುದಾದರೂ ಕಂಡರೆ ಒಳರೋಗಿಯಾಗಿ ಸೇರಿಸಬೇಕೆಂಬುದೇ ವೈದ್ಯಕೀಯ ಮಾರ್ಗಸೂಚಿ. ಕೇಸ್ ಶೀಟಿನಲ್ಲಿ ಈ ಲಕ್ಷಣಗಳು, ಪ್ರತಿದಿನದ ರಕ್ತಪರೀಕ್ಷೆಯ ಅಂಕಿ, ಡ್ರಿಪ್ ಕೊಟ್ಟ ಪ್ರಮಾಣ ಮತ್ತು ಸಮಯ ಇವು ಎಲ್ಲಿ ದಾಖಲಾಗಿವೆ ಎಂಬುದನ್ನು ಗುರುತು ಮಾಡಿ, ಮಗಳನ್ನು ಏಕೆ ಸೇರಿಸಬೇಕಾಯಿತು ಎಂಬ ಅರ್ಧ ಪುಟದ ಪತ್ರವನ್ನು ಮಕ್ಕಳ ವೈದ್ಯರಿಂದ ಪಡೆಯಿರಿ.

ನಿವೃತ್ತ ವಿಮಾ ಅಧಿಕಾರಿ, ಧಾರವಾಡ

ತಪಾಸಣೆಗಾಗಿ ಮಾತ್ರ ಸೇರಿಸಿದ್ದು ಎಂಬ ಕಾರಣಕ್ಕೆ ಎಲ್ಲ ಕಂಪನಿಗಳ ಪಾಲಿಸಿಯಲ್ಲಿಯೂ ಒಂದೇ ಗುರುತು ಸಂಖ್ಯೆ ಇರುತ್ತದೆ, ಎಕ್ಸ್‌ಕ್ಲ್ 04 ಎಂದು. ಅದನ್ನು ಪೂರ್ತಿಯಾಗಿ ಓದಿರಿ. ದಾಖಲಾತಿಯ ಮುಖ್ಯ ಉದ್ದೇಶ ತಪಾಸಣೆ ಮಾತ್ರವೇ ಆಗಿದ್ದರೆ ಅದು ಅನ್ವಯಿಸುತ್ತದೆ. ಡ್ರಿಪ್, ಚುಚ್ಚುಮದ್ದು, ಪ್ರತಿದಿನದ ನಿಗಾ ಇವೆಲ್ಲ ನಡೆದಿರುವಾಗ ಮುಖ್ಯ ಉದ್ದೇಶ ಚಿಕಿತ್ಸೆಯೇ ಆಗುತ್ತದೆ. ಪಾಲಿಸಿಯ ವ್ಯಾಖ್ಯೆಗಳ ಭಾಗದಲ್ಲಿ "ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆ" ಎಂಬುದೊಂದು ಇದೆ, ವೈದ್ಯರ ಪತ್ರದಲ್ಲಿ ಅದೇ ಮಾತುಗಳು ಬರಲಿ.

ಆಸ್ಪತ್ರೆಯ ವ್ಯಾಖ್ಯೆಯ ಬಗ್ಗೆ: ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ಕನಿಷ್ಠ 10 ಹಾಸಿಗೆ, ಉಳಿದೆಡೆ 15 ಹಾಸಿಗೆ ಇರಬೇಕೆಂಬುದು ಮಾನದಂಡದ ಒಂದು ಅಂಶ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡವೇ ಹತ್ತು ಲಕ್ಷ ಮುಟ್ಟಿರಲಿಲ್ಲ, ಆದ್ದರಿಂದ ರಾಣೇಬೆನ್ನೂರಿಗೆ ಅನ್ವಯಿಸುವುದು ಹತ್ತು ಹಾಸಿಗೆಯ ಅಳತೆಯೇ. ನರ್ಸಿಂಗ್ ಹೋಮಿನ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರದ ನಕಲು ಕೇಳಿ ಪಡೆಯಿರಿ. ಅಂದ ಹಾಗೆ, ಫೋನಿನಲ್ಲಿ ಹೇಳಿದ ಕಾರಣ ಪತ್ರದಲ್ಲಿ ಇಲ್ಲವಾದರೆ ನೀವಾಗಿಯೇ ಅದಕ್ಕೆ ಉತ್ತರ ಬರೆಯಲು ಹೋಗಬೇಡಿರಿ.

ವಿಮಾ ಏಜೆಂಟ್, ಹಾವೇರಿ

ಚರ್ಚೆಯನ್ನು ಓದುತ್ತಿದ್ದೇನೆ. ಒಂದು ಮಾತನ್ನು ನೇರವಾಗಿ ಹೇಳಬೇಕೆನಿಸಿತು. ಎಲ್ಲ ತಿರಸ್ಕಾರಗಳೂ ಅನ್ಯಾಯವಲ್ಲ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಗುಳಿಗೆ ನುಂಗುತ್ತಿರುವವರು, "ಬರೆದರೆ ಪ್ರೀಮಿಯಂ ಹೆಚ್ಚಾಗುತ್ತದೆ, ಬರೆಯಬೇಡಿ" ಎಂದು ನನ್ನೆದುರೇ ಒತ್ತಾಯಿಸಿದ್ದುಂಟು. ಅಂಥವರ ಅರ್ಜಿಯನ್ನು ನಾನು ಮುಂದೆ ಕಳಿಸುವುದಿಲ್ಲ. ಬ್ಯಾಡಗಿ ಮಾರುಕಟ್ಟೆಯ ದಲಾಲರಿಂದ ಹಿಡಿದು ಶಾಲಾ ಶಿಕ್ಷಕರವರೆಗೆ ಎಲ್ಲರಿಗೂ ನಾನು ಹೇಳುವುದು ಒಂದೇ: ಇದ್ದದ್ದನ್ನು ಇದ್ದ ಹಾಗೆ ಬರೆಯಿಸಿರಿ, ಮೂರು ವರ್ಷ ಕಾಯಿರಿ, ಆಮೇಲೆ ಆ ಕಾಯಿಲೆಗೂ ರಕ್ಷಣೆ ಸಿಗುತ್ತದೆ.

ಬ್ಯಾಂಕ್ ಉದ್ಯೋಗಿ, ನವನಗರ (ಹುಬ್ಬಳ್ಳಿ)

ನಿಮ್ಮ ಮಾತು ಒಪ್ಪುವಂಥದ್ದೇ. ಆದರೆ ಅರ್ಜಿ ತುಂಬುವ ಬಗೆ ಎಲ್ಲೆಡೆಯೂ ನಿಮ್ಮ ಹಾಗಿರುವುದಿಲ್ಲ. ಸಾಲದ ಕಾಗದಗಳ ನಡುವೆ ವಿಮೆಯ ಅರ್ಜಿಯನ್ನೂ ಇಟ್ಟು "ಇಲ್ಲಿ ಸಹಿ ಮಾಡಿರಿ" ಎಂದು ಬೆರಳು ತೋರಿಸುವುದನ್ನು ನಾನು ಕಂಡಿದ್ದೇನೆ. ಅರ್ಜಿ ಇಂಗ್ಲಿಷಿನಲ್ಲಿರುತ್ತದೆ. ಕಾಯಿಲೆಗಳ ಪಟ್ಟಿಯ ಎದುರು "ಇಲ್ಲ" ಎಂಬ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೆ ಸಾಲಾಗಿ ಗುರುತು ಹಾಕಿರುತ್ತಾರೆ, ಸಹಿ ಮಾಡುವವರು ಆ ಪುಟವನ್ನು ನೋಡಿಯೇ ಇರುವುದಿಲ್ಲ. ಅರ್ಜಿಯ ಭಾಷೆ ಬಾರದವರು ಸಹಿ ಮಾಡುವಾಗ, ಅದರಲ್ಲಿರುವುದನ್ನು ಅವರಿಗೆ ವಿವರಿಸಲಾಗಿದೆ ಎಂಬ ದೃಢೀಕರಣ ಇರಬೇಕೆಂಬುದು ನಿಯಮ. ಬೆಟಗೇರಿಯವರು ಅರ್ಜಿಯ ನಕಲು ಬಂದ ಮೇಲೆ ಆ ದೃಢೀಕರಣದ ಜಾಗದಲ್ಲಿ ಯಾರ ಸಹಿ ಇದೆ ಎಂಬುದನ್ನು ತಪ್ಪದೆ ನೋಡಬೇಕು.

ಹೊಸದಾಗಿ ಪಾಲಿಸಿ ಪಡೆಯುವವರಿಗೂ ಒಂದು ಮಾತು. ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲಿಯೇ ಕೊಡಿರೆಂದು ಕೇಳಬಹುದು. ಪಾಲಿಸಿ ಕೈಗೆ ಬಂದ ಮೇಲೆ 30 ದಿನಗಳೊಳಗೆ ಓದಿ, ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಬಹುದು. ಆ ಹೊತ್ತಿಗೆ ಅರ್ಜಿಯ ನಕಲನ್ನೂ ಓದಿ, ತಪ್ಪಿದ್ದರೆ ಇಮೇಲ್ ಬರೆದು ತಿದ್ದಿಸಿರಿ.

ಗೃಹಿಣಿ, ಕೇಶ್ವಾಪುರ (ಹುಬ್ಬಳ್ಳಿ)

ನಮ್ಮ ಯಜಮಾನರ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಕ್ಲೇಮನ್ನು ಪೂರ್ತಿ ತಿರಸ್ಕರಿಸಲಿಲ್ಲ, ಆದರೆ ಬಿಲ್ಲಿನ ಮೂರರಲ್ಲಿ ಒಂದು ಭಾಗ ಕಡಿತವಾಯಿತು. ಕೋಣೆಯ ಬಾಡಿಗೆ ಮಿತಿಗಿಂತ ಹೆಚ್ಚಾಗಿದ್ದರಿಂದ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಇಳಿಸಿದ್ದೇವೆ ಎಂದರು. ಕೋಣೆಯ ಬಾಡಿಗೆಗೂ ಕೃತಕ ಮೊಣಕಾಲಿನ ಬೆಲೆಗೂ ಏನು ಸಂಬಂಧ?

ನಿವೃತ್ತ ವಿಮಾ ಅಧಿಕಾರಿ, ಧಾರವಾಡ

ಸಂಬಂಧವಿಲ್ಲ ಎಂಬುದೇ ನಿಯಮ, ತಾಯಿ. ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿ ಮಿತಿ ಇದ್ದು 7,500ರ ಕೋಣೆ ಪಡೆದರೆ, ಕೋಣೆಯ ದರ್ಜೆಯ ಮೇಲೆ ಬದಲಾಗುವ ವೆಚ್ಚಗಳಾದ ವೈದ್ಯರ ಶುಲ್ಕ, ಶುಶ್ರೂಷೆ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಇವುಗಳಲ್ಲಿ ಮೂರರಲ್ಲಿ ಎರಡು ಭಾಗ ಮಾತ್ರ ಕೊಡಬಹುದು. ಔಷಧ ಮತ್ತು ಬಳಕೆಯ ಸಾಮಗ್ರಿ, ದೇಹದೊಳಗೆ ಅಳವಡಿಸುವ ಸಾಧನ, ರೋಗ ಪತ್ತೆಯ ಪರೀಕ್ಷೆ ಇವುಗಳ ಮೇಲೆ ಆ ಪ್ರಮಾಣದ ಕಡಿತ ಹಾಕುವಂತಿಲ್ಲ. ಐಸಿಯು ಶುಲ್ಕಕ್ಕೂ ಹಾಕುವಂತಿಲ್ಲ. ಕೋಣೆ ಯಾವುದಾದರೂ ಒಂದೇ ದರ ಪಡೆಯುವ ಆಸ್ಪತ್ರೆಯಾಗಿದ್ದರೆ ಇಂಥ ಕಡಿತಕ್ಕೆ ಅವಕಾಶವೇ ಇಲ್ಲ. ಬಿಲ್ಲನ್ನು ಬಾಬ್ತುವಾರು ಬಿಡಿಸಿ ಬರೆದು, ಯಾವ ಸಾಲಿನಲ್ಲಿ ಎಷ್ಟು ಕಡಿತವಾಗಿದೆ ಎಂದು ಕೇಳಿರಿ. ಇಂಪ್ಲಾಂಟಿನ ಮೇಲಿನ ಕಡಿತ ಮರಳಿ ಬರಬೇಕು.

ವಕೀಲೆ, ಧಾರವಾಡ

ಕಾನೂನಿನ ದಾರಿಯ ಬಗ್ಗೆ ನಾನು ಬರೆಯುತ್ತೇನೆ. ಮೊದಲ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿ. ಇದನ್ನು ದಾಟದೆ ಮುಂದೆ ಹೋದರೆ ಒಂಬುಡ್ಸ್‌ಮನ್ (ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸಿ ತೀರ್ಪು ಕೊಡುವ ಅಧಿಕಾರಿ) ಕಚೇರಿಯಲ್ಲಿ ಅರ್ಜಿ ನಿಲ್ಲುವುದಿಲ್ಲ. ದೂರನ್ನು ಐಆರ್‌ಡಿಎಐ ಸಂಸ್ಥೆಯ ಬಿಮಾ ಭರೋಸಾ ಜಾಲತಾಣದಲ್ಲಿಯೂ ದಾಖಲಿಸಿರಿ, ಅಥವಾ 155255ಕ್ಕೆ ಕರೆ ಮಾಡಿರಿ. ಅಲ್ಲಿ ದೂರಿನ ಸಂಖ್ಯೆ ಮತ್ತು ದಿನಾಂಕ ಸಿಗುವುದರಿಂದ ದೂರು ಬಂದಿಲ್ಲ ಎಂದು ಕಂಪನಿ ಹೇಳಲಾಗದು.

ಕಂಪನಿ ತನ್ನ ನಿಲುವನ್ನೇ ಎತ್ತಿಹಿಡಿದರೆ, ಅಥವಾ ಒಂದು ತಿಂಗಳು ಕಳೆದರೂ ಉತ್ತರಿಸದಿದ್ದರೆ, ಎರಡು ಬಾಗಿಲುಗಳಿವೆ. ಒಂದು, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್, ಇಡೀ ಕರ್ನಾಟಕ ಆ ಕಚೇರಿಯ ವ್ಯಾಪ್ತಿಯಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, ವಕೀಲರಿಗೆ ಅಲ್ಲಿ ಅವಕಾಶವೂ ಇಲ್ಲ. 50 ಲಕ್ಷ ರೂಪಾಯಿಯವರೆಗಿನ ವಿವಾದಗಳನ್ನು ನೋಡುತ್ತಾರೆ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ಆನ್‌ಲೈನಿನಲ್ಲಿ ದೂರು ಸಲ್ಲಿಸಬಹುದು, ವಿಚಾರಣೆಯನ್ನು ವಿಡಿಯೋ ಮೂಲಕ ನಡೆಸುವ ಅವಕಾಶವೂ ಇದೆ. ಹೃದಯದ ಚಿಕಿತ್ಸೆ ಪಡೆದವರನ್ನು ಬೆಂಗಳೂರಿಗೆ ಕರೆದೊಯ್ಯುವ ಕಷ್ಟ ಇದರಿಂದ ತಪ್ಪುತ್ತದೆ. ಅಗತ್ಯ ದಾಖಲೆಗಳೆಲ್ಲ ಬಂದ ಮೇಲೆ ಮೂರು ತಿಂಗಳೊಳಗೆ ತೀರ್ಪು ಕೊಡಬೇಕು. ತೀರ್ಪಿಗೆ ಕಂಪನಿ ಬದ್ಧ. 30 ದಿನಗಳೊಳಗೆ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರರಿಗೆ ದಂಡ ಕೊಡಬೇಕಾಗುತ್ತದೆ. ಆದರೆ ಅಲ್ಲಿ ಸಿಗುವ ಪರಿಹಾರ ನೇರವಾಗಿ ಆದ ನಷ್ಟಕ್ಕೆ ಸೀಮಿತ.

ಎರಡನೆಯ ಬಾಗಿಲು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಕೊಡಬಹುದು, ಕಂಪನಿಯ ಕಚೇರಿ ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ. ಗದಗದವರು ಗದಗದಲ್ಲಿ, ರಾಣೇಬೆನ್ನೂರಿನವರು ಹಾವೇರಿಯಲ್ಲಿ, ಹುಬ್ಬಳ್ಳಿಯವರು ಧಾರವಾಡದಲ್ಲಿ ಸಲ್ಲಿಸಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ನೀವು ಕೊಟ್ಟ ಪ್ರೀಮಿಯಂ ಮೊತ್ತ. ಅದು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕ್ಲೇಮ್ ಮೊತ್ತದ ಜೊತೆಗೆ ಬಡ್ಡಿ, ಮಾನಸಿಕ ವೇದನೆಗೆ ಪರಿಹಾರ ಮತ್ತು ಖರ್ಚನ್ನು ಕೇಳಬಹುದು. ಕಾಲಮಿತಿ ಎರಡು ವರ್ಷ. ಸಮಯ ಹೆಚ್ಚು ಹಿಡಿಯುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆಯೋಗದಲ್ಲಿ ಪ್ರಕರಣ ನಡೆಯುತ್ತಿರುವಾಗ ಅದೇ ವಿಷಯವನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಬೆಟಗೇರಿಯವರಂಥ ಪ್ರಕರಣಗಳಲ್ಲಿ ಮೊದಲು ಒಂಬುಡ್ಸ್‌ಮನ್, ಅಲ್ಲಿ ಸಮಾಧಾನವಾಗದಿದ್ದರೆ ಎರಡು ವರ್ಷ ಮೀರುವ ಮೊದಲು ಆಯೋಗ ಎಂಬ ಕ್ರಮವನ್ನೇ ನಾನು ಸೂಚಿಸುತ್ತೇನೆ.

ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳು ನಿಮಗೆ ಗೊತ್ತಿರಲಿ. ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ, 2019ರಲ್ಲಿ, ತಿರಸ್ಕಾರದ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಆಮೇಲೆ ಆಯೋಗದ ಮುಂದೆ ಎತ್ತುವಂತಿಲ್ಲ ಎಂದು ಹೇಳಿತು. ಆದ್ದರಿಂದಲೇ ಕಾರಣವನ್ನು ಬರಹದಲ್ಲಿ ಪಡೆಯುವುದು ಅಷ್ಟು ಮುಖ್ಯ. 2021ರ ಡಿಸೆಂಬರಿನಲ್ಲಿ ಮನಮೋಹನ್ ನಂದಾ ಪ್ರಕರಣದಲ್ಲಿ, ಅರ್ಜಿದಾರರು ಸಕ್ಕರೆ ಕಾಯಿಲೆಯನ್ನು ತಿಳಿಸಿದ್ದರೂ ಕೊಲೆಸ್ಟ್ರಾಲ್ ಇಳಿಸುವ ಗುಳಿಗೆಯ ವಿಷಯ ಹೇಳಲಿಲ್ಲವೆಂದು ಹೃದಯಾಘಾತದ ಕ್ಲೇಮನ್ನು ನಿರಾಕರಿಸಿದ್ದು ಕಾನೂನುಬಾಹಿರವೆಂದಿತು. ಇದರ ಎದುರಿಗೆ, 2009ರ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ಕಾಯಿಲೆಯನ್ನು ನಿಜವಾಗಿಯೂ ಮುಚ್ಚಿಟ್ಟದ್ದು ದಾಖಲೆಗಳಿಂದ ಕಂಡಿದ್ದರಿಂದ ಕಂಪನಿಯ ಪರವಾಗಿಯೇ ತೀರ್ಪು ಬಂತು. ಹಾವೇರಿಯ ಏಜೆಂಟರು ಹೇಳಿದ ಮಾತಿಗೆ ನ್ಯಾಯಾಲಯದ ಬೆಂಬಲವಿದೆ ಎಂಬುದನ್ನು ನಾವು ಒಪ್ಪಬೇಕು.

ರೈತ, ಹಾನಗಲ್

ನಮ್ಮದು ಆಯುಷ್ಮಾನ್ ಕಾರ್ಡು. ಖಾಸಗಿ ಆಸ್ಪತ್ರೆಯವರು ಒಪ್ಪಿಗೆ ಬರಲಿಲ್ಲವೆಂದು ಹೇಳಿ ರೊಕ್ಕ ಕಟ್ಟಿಸಿಕೊಂಡರು. ನಮಗೂ ಒಂಬುಡ್ಸ್‌ಮನ್ ಆಗುತ್ತದೆಯೇ?

ವೈದ್ಯೆ, ಹುಬ್ಬಳ್ಳಿ

ನಿಮ್ಮ ದಾರಿ ಬೇರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಆದ್ದರಿಂದ ದೂರು ಅಲ್ಲಿಗೇ ಹೋಗಬೇಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಂತೆ 1.5 ಲಕ್ಷದವರೆಗೆ ನೆರವಿದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಬಹಳಷ್ಟು ಒಪ್ಪಿಗೆಗಳು ನಿಲ್ಲುವುದು ಇಲ್ಲಿಯೇ. ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ, ಗದಗದ ಜಿಮ್ಸ್‌ನಲ್ಲಿ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲಿ, ಈ ಯೋಜನೆಯ ಸಹಾಯಕ ಸಿಬ್ಬಂದಿಯಾದ ಆರೋಗ್ಯ ಮಿತ್ರರನ್ನು ಮೊದಲು ಕಂಡು, ಬೇಕಾದ ಚಿಕಿತ್ಸೆ ಅಲ್ಲಿಲ್ಲವಾದರೆ ಪತ್ರ ಬರೆಯಿಸಿಕೊಳ್ಳಿರಿ. ಹಣ ಕಟ್ಟಿಸಿಕೊಂಡ ರಸೀದಿ ಇದ್ದರೆ 14555ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿಗೂ ಅರ್ಜಿ ಕೊಡಿರಿ.

ನೇಕಾರರ ಮಗ, ಬೆಟಗೇರಿ (ಗದಗ)

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಕೇಸ್ ಶೀಟ್ ಸಿಕ್ಕಿತು. ತುರ್ತು ವಿಭಾಗದ ಮೊದಲ ಹಾಳೆಯಲ್ಲಿ ರಕ್ತದೊತ್ತಡ ಇದೆ ಎಂದಷ್ಟೇ ಇದೆ, ಅವಧಿಯ ಜಾಗ ಖಾಲಿ ಇದೆ. ಶುಶ್ರೂಷಕಿಯ ಹಾಳೆಯಲ್ಲಿ "ಒಂದು ವರ್ಷ, ದಿನಕ್ಕೆ ಒಂದು ಗುಳಿಗೆ" ಎಂದು ಗುಳಿಗೆಯ ಹೆಸರಿನ ಸಮೇತ ಬರೆದಿದ್ದಾರೆ. ಹತ್ತು ವರ್ಷ ಎಂಬುದು ವಾರ್ಡಿನ ಎರಡನೆಯ ದಿನದ ಟಿಪ್ಪಣಿಯಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡು, ಅಲ್ಲಿಂದ ಸಾರಾಂಶಕ್ಕೆ ಇಳಿದಿದೆ. ಓಣಿಯ ಡಾಕ್ಟರ್ ತಮ್ಮ ನೋಂದಣಿ ಪುಸ್ತಕ ನೋಡಿ ಪತ್ರ ಬರೆದುಕೊಟ್ಟಿದ್ದಾರೆ. ಹೃದಯ ತಜ್ಞರೂ ಸ್ಪಷ್ಟೀಕರಣ ಕೊಡಲು ಒಪ್ಪಿದ್ದಾರೆ. ಕುಂದುಕೊರತೆ ಅಧಿಕಾರಿಗೆ ಪತ್ರ ಹೇಗಿರಬೇಕು? ತಂದೆಯವರ ಪರವಾಗಿ ನಾನೇ ಸಹಿ ಮಾಡಬಹುದೇ?

ನಿವೃತ್ತ ವಿಮಾ ಅಧಿಕಾರಿ, ಧಾರವಾಡ

ಪತ್ರ ಒಂದೇ ಪುಟ ಇರಲಿ. ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ, ತಿರಸ್ಕಾರದ ಪತ್ರದ ದಿನಾಂಕ ಮೊದಲು ಬರಲಿ. ಆಮೇಲೆ ಹೀಗೆ ಬರೆಯಿರಿ: "ಪತ್ರದಲ್ಲಿ ಕೊಟ್ಟಿರುವ ಏಕೈಕ ಕಾರಣ ಹತ್ತು ವರ್ಷಗಳ ರಕ್ತದೊತ್ತಡವನ್ನು ತಿಳಿಸಲಿಲ್ಲ ಎಂಬುದು. ದಾಖಲಾದ ದಿನದ ಶುಶ್ರೂಷಾ ಹಾಳೆಯ ಪ್ರಕಾರ ಅವಧಿ ಒಂದು ವರ್ಷ. ಅದನ್ನು ಮೊದಲು ಗುರುತಿಸಿದ ವೈದ್ಯರ ಪತ್ರ ಮತ್ತು ಚಿಕಿತ್ಸೆ ನೀಡಿದ ತಜ್ಞರ ಸ್ಪಷ್ಟೀಕರಣವನ್ನು ಲಗತ್ತಿಸಲಾಗಿದೆ. ಪಾಲಿಸಿಗೆ ಮೊದಲು ರಕ್ತದೊತ್ತಡವಿತ್ತು ಎಂಬುದಕ್ಕೆ ತಮ್ಮ ಬಳಿ ಬೇರೆ ದಾಖಲೆ ಇದ್ದರೆ ಅದರ ನಕಲು ಕೊಡಬೇಕು. ಇಲ್ಲವಾದಲ್ಲಿ ಕ್ಲೇಮನ್ನು ಮರುಪರಿಶೀಲಿಸಿ, ವಿಳಂಬದ ಅವಧಿಗೆ ಬ್ಯಾಂಕ್ ದರಕ್ಕಿಂತ ಶೇಕಡಾ 2ರಷ್ಟು ಹೆಚ್ಚಿನ ಬಡ್ಡಿಯೊಂದಿಗೆ ಪಾವತಿಸಬೇಕು." ಇದಕ್ಕಿಂತ ಹೆಚ್ಚು ಬರೆಯಬೇಡಿರಿ. ಸಾಲ ಮಾಡಿದ್ದು, ಬಂಗಾರ ಅಡವಿಟ್ಟದ್ದು ನಿಜವಾದ ಸಂಕಟವೇ. ಆದರೆ ಅದರ ಜಾಗ ಗ್ರಾಹಕ ಆಯೋಗದ ದೂರಿನಲ್ಲಿದೆ, ಅಡವಿನ ರಸೀದಿಗಳನ್ನು ಅದಕ್ಕಾಗಿ ತೆಗೆದಿಡಿರಿ.

ವಕೀಲೆ, ಧಾರವಾಡ

ಸಹಿಯ ಬಗ್ಗೆ: ಪಾಲಿಸಿ ತಂದೆಯವರ ಹೆಸರಿನಲ್ಲಿರುವುದರಿಂದ ದೂರುದಾರರು ಅವರೇ. ಕುಂದುಕೊರತೆ ಅಧಿಕಾರಿಗೆ ಹೋಗುವ ಪತ್ರಕ್ಕೂ ಒಂಬುಡ್ಸ್‌ಮನ್ ದೂರಿಗೂ ಅವರೇ ಸಹಿ ಮಾಡಲಿ. ನೀವು ಸಹಿ ಮಾಡಿ ಕಳಿಸಿದರೆ ಅದೊಂದೇ ಕಾರಣಕ್ಕೆ ಅರ್ಜಿ ಮರಳಿ ಬಂದು ಸಮಯ ಹಾಳಾಗುತ್ತದೆ. ಇಮೇಲ್ ವಿಳಾಸ ಮತ್ತು ಮೊಬೈಲ್ ಸಂಖ್ಯೆ ನಿಮ್ಮದೇ ಇರಬಹುದು. ಪತ್ರವನ್ನು ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟಿನಲ್ಲಿಯೂ ಕಳಿಸಿ ರಸೀದಿ ಇಟ್ಟುಕೊಳ್ಳಿರಿ, ಏಕೆಂದರೆ ಒಂದು ತಿಂಗಳ ಲೆಕ್ಕ ಕಂಪನಿಗೆ ಪತ್ರ ಮುಟ್ಟಿದ ದಿನದಿಂದ ಶುರುವಾಗುತ್ತದೆ. ಹೃದಯ ತಜ್ಞರ ಸ್ಪಷ್ಟೀಕರಣ ಕೈಗೆ ಬಂದ ಮೇಲೆಯೇ ಕಳಿಸಿರಿ.